ಡಿಜಿಟಲ್ ರೇಡಿಯೊ ಬರಲಿ, ಹಳೆಯ ರೇಡಿಯೊದ ಕೊರಳು ಹಿಸುಕುವುದು ಬೇಡ

ಮುಂಬಯಿಯ ರೇಡಿಯೊ ಬದಲಾಗುವ ಹೊಸ್ತಿಲಲ್ಲಿದೆ. ಈ ಬದಲಾವಣೆಯಿಂದ ಹೆಚ್ಚು ಗಳಿಸಬಹುದಾದವರೂ ಹೆಚ್ಚು ಕಳೆದುಕೊಳ್ಳಬಹುದಾದವರೂ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಜನ. ಅವರಲ್ಲಿ ಕನ್ನಡಿಗರಾದ ನಾವೂ ಇದ್ದೇವೆ. ಆದರೆ ನಮ್ಮ ಸಂಘಗಳ ವೇದಿಕೆಗಳಲ್ಲಿ ಈ ಮಾತು ಇನ್ನೂ ಎದ್ದಿಲ್ಲ. ಕಂಪನಾಂಕಗಳ ಹರಾಜು ಮುಗಿದು, ಷರತ್ತುಗಳೆಲ್ಲ ಮುದ್ರಣವಾದ ಮೇಲೆ ಮನವಿಪತ್ರ ಹಿಡಿದು ಓಡಾಡಿ ಫಲವಿಲ್ಲ. ಈಗಲೇ ಮಾತಾಡಬೇಕು.

ವಿಷಯ ಇಷ್ಟು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಖಾಸಗಿ ರೇಡಿಯೊಗಳಿಗಾಗಿ ಡಿಜಿಟಲ್ ಪ್ರಸಾರ ನೀತಿಯ ಶಿಫಾರಸುಗಳನ್ನು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ಮಹಾನಗರಗಳಲ್ಲೂ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದಂತೆ ಒಂಬತ್ತು ದೊಡ್ಡ ನಗರಗಳಲ್ಲೂ ಮೊದಲು ಇದು ಶುರುವಾಗಬೇಕು ಎಂಬುದು ಅದರ ಸಲಹೆ. ಒಂದು ಕಂಪನಾಂಕದ ಜಾಗದಲ್ಲಿ ಹಳೆಯ ರೀತಿಯ ಒಂದು ಅನಲಾಗ್ ವಾಹಿನಿ, ಅದರ ಜೊತೆಗೆ ಮೂರು ಡಿಜಿಟಲ್ ವಾಹಿನಿ, ಒಂದು ದತ್ತಾಂಶ ವಾಹಿನಿ. ಈಗಿರುವ ಎಫ್‌ಎಂ ಕಂಪನಿಗಳು ಬೇಕಿದ್ದರೆ ಬರಬಹುದು, ಬಲವಂತವಿಲ್ಲ. ಅನಲಾಗ್ ಪ್ರಸಾರವನ್ನು ಯಾವತ್ತು ಮುಚ್ಚಬೇಕೆಂಬುದನ್ನು ಡಿಜಿಟಲ್ ಎಷ್ಟು ಹರಡಿದೆ ಎಂದು ನೋಡಿ ಮುಂದೆ ತೀರ್ಮಾನಿಸಬಹುದು.

ಈ ಕೊನೆಯ ಮಾತಿಗೇ ನನ್ನ ತಕರಾರು. 'ಮುಂದೆ ತೀರ್ಮಾನ' ಎಂದರೆ ಮುಚ್ಚುವುದು ಖಚಿತ, ದಿನಾಂಕವಷ್ಟೇ ಬಾಕಿ ಎಂದಾಗುತ್ತದೆ. ಹೊಸದನ್ನು ತರಲು ನನ್ನ ಅಡ್ಡಿಯಿಲ್ಲ, ಅದನ್ನು ಮನಸಾರೆ ಬೇಡುವವರಲ್ಲಿ ನಾನೂ ಒಬ್ಬ. ಹಳೆಯದನ್ನು ಮುಚ್ಚುವ ಮಾತನ್ನು ಮಾತ್ರ ಒಪ್ಪಲಾರೆ.

ಡಿಜಿಟಲ್ ರೇಡಿಯೊ ಏನು ಕೊಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಅನಲಾಗ್‌ನಲ್ಲಿ ಧ್ವನಿಯ ಏರಿಳಿತವೇ ನೇರವಾಗಿ ರೇಡಿಯೊ ಅಲೆಯ ಮೇಲೆ ಕೂರುತ್ತದೆ. ದಾರಿಯಲ್ಲಿ ಸಿಕ್ಕಿದ ಗದ್ದಲವೆಲ್ಲ ಅದರೊಂದಿಗೇ ನಮ್ಮ ಕಿವಿಗೆ ಬರುತ್ತದೆ. ಡಿಜಿಟಲ್‌ನಲ್ಲಿ ಧ್ವನಿ ಅಂಕಿಗಳಾಗಿ ಹೊರಡುತ್ತದೆ, ದಾರಿಯಲ್ಲಿ ಕೆಟ್ಟುಹೋದ ಅಂಕಿಗಳನ್ನು ರಿಸೀವರ್ ಒಂದು ಮಿತಿಯವರೆಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಹಾಗಾಗಿ ಗೊರಗೊರ ಸದ್ದಿಲ್ಲ. ಮೀಡಿಯಂ ವೇವ್‌ನಲ್ಲಂತೂ ಈ ಅಂತರ ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅಷ್ಟೇ ಪ್ರದೇಶವನ್ನು ಮುಟ್ಟಲು ಟ್ರಾನ್ಸ್‌ಮಿಟರಿಗೆ ಬೇಕಾದ ವಿದ್ಯುತ್ತೂ ಕಡಿಮೆ. ಪರದೆಯ ಮೇಲೆ ಅಕ್ಷರಗಳನ್ನು ಕಳಿಸಬಹುದು, ಕಿವಿ ಕೇಳದವರಿಗೆ ಇದು ದೊಡ್ಡ ಉಪಕಾರ. ವಿಪತ್ತಿನ ಹೊತ್ತಿನಲ್ಲಿ ಎಚ್ಚರಿಕೆಯ ಸಂದೇಶ ಬಂದಾಗ ರಿಸೀವರ್ ತಾನಾಗಿ ಆ ವಾಹಿನಿಗೆ ಹೊರಳುವ ವ್ಯವಸ್ಥೆಯೂ ಇದೆ. ಎಲ್ಲಕ್ಕಿಂತ ಮುಖ್ಯವಾದುದು ಜಾಗ: ಒಂದು ವಾಹಿನಿ ಇದ್ದಲ್ಲಿ ನಾಲ್ಕು ಹಿಡಿಸುತ್ತವೆ.

ಇನ್ನು ತೊಂದರೆ. ಎಫ್‌ಎಂ ಅಲೆಗಳು ಬಹುಮಟ್ಟಿಗೆ ನೇರ ಸಾಗುತ್ತವೆ, ಬೆಟ್ಟ ಅಡ್ಡ ಬಂದರೆ ಸೊರಗುತ್ತವೆ. ಥಾಣೆ ಖಾರಿ ದಾಟಿದ ಮೇಲೆ ನಮ್ಮ ಲೋಕಲ್ ರೈಲು ಪಾರ್ಸಿಕ್ ಗುಡ್ಡಗಳ ಬುಡದಲ್ಲಿ ಸಾಗುತ್ತದೆ. ಅನಲಾಗ್ ರೇಡಿಯೊ ಇಂಥಲ್ಲಿ ಮಸುಕಾಗುತ್ತದೆ, ಕರಕರ ಎನ್ನುತ್ತದೆ, ಆದರೂ ಹೇಳುವವನ ಮಾತು ತಿಳಿಯುತ್ತಿರುತ್ತದೆ. ಡಿಜಿಟಲ್‌ಗೆ ಈ ನಡುವಿನ ಸ್ಥಿತಿಯೇ ಇಲ್ಲ. ಸಿಗ್ನಲ್ ಒಂದು ಮಟ್ಟದಿಂದ ಕೆಳಗಿಳಿದ ಕ್ಷಣ ಧ್ವನಿ ಪೂರ್ತಿ ನಿಂತುಹೋಗುತ್ತದೆ. ಹಾಡಿಗಾದರೆ ಸಹಿಸಬಹುದು. 'ಕಲ್ಯಾಣ್ ಕಡೆಗೆ ಹೋಗುವ ಗಾಡಿಗಳು ನಿಂತಿವೆ' ಎಂಬ ಸುದ್ದಿಗೆ ಅರ್ಧಂಬರ್ಧ ಕೇಳಿದರೂ ಬೆಲೆಯಿದೆ. ನಗರದ ನಡುವೆ ಕೂತು ಸಿಗ್ನಲ್ ಅಳೆಯುವವರಿಗೆ ಈ ಅಂಚಿನ ಊರುಗಳ ಕಷ್ಟ ಕಾಣುವುದಿಲ್ಲ.

ಇದೆಲ್ಲ ತಾಂತ್ರಿಕ. ನಿಜವಾದ ಪ್ರಶ್ನೆ ಬೇರೆ: ಕೇಳುವ ಯಂತ್ರ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ವಿದೇಶಕ್ಕೆ ಹೋಗಬೇಕಿಲ್ಲ, ನಮ್ಮ ಆಕಾಶವಾಣಿಯನ್ನೇ ನೋಡಿದರೆ ಸಾಕು. ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯನ್ನು ಆಯ್ದುಕೊಂಡು ಆಕಾಶವಾಣಿ ದೇಶದಾದ್ಯಂತ 35ಕ್ಕೂ ಹೆಚ್ಚು ಡಿಜಿಟಲ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಿತು. ಮುಂಬಯಿಯಲ್ಲಿ ಒಂದಿದೆ. ಬೆಂಗಳೂರಿನ 612 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಕೇಂದ್ರಗಳಿಗೂ ಅದು ಬಂತು. ಜಗತ್ತಿನಲ್ಲೇ ದೊಡ್ಡ ಡಿಆರ್‌ಎಂ ಜಾಲಗಳಲ್ಲಿ ಇದೂ ಒಂದು. ಸಾರ್ವಜನಿಕರ ದುಡ್ಡು, ಎಂಜಿನಿಯರುಗಳ ವರ್ಷಗಳ ದುಡಿಮೆ ಅದರಲ್ಲಿದೆ. ಆ ಎಂಜಿನಿಯರುಗಳ ಕೆಲಸದಲ್ಲಿ ಹೆಸರಿಡುವಂಥದ್ದು ನನಗೆ ಕಾಣುವುದಿಲ್ಲ. ಆದರೆ ಡೊಂಬಿವಲಿ ಸ್ಟೇಷನ್ ಹೊರಗಿನ ಎಲೆಕ್ಟ್ರಾನಿಕ್ ಅಂಗಡಿಗೆ ಹೋಗಿ ಡಿಜಿಟಲ್ ರೇಡಿಯೊ ಕೇಳಿ ನೋಡಿ, ಅಂಗಡಿಯವರು ಬ್ಲೂಟೂತ್ ಸ್ಪೀಕರ್ ತೋರಿಸುತ್ತಾರೆ. ಲಕ್ಷಾಂತರ ಹೊಸ ಕಾರುಗಳಲ್ಲಿ ಡಿಆರ್‌ಎಂ ಹಿಡಿಯುವ ಸಲಕರಣೆ ಕೂತಿದೆ, ನಿಜ. ಅದು ಕಾರಿದ್ದವರ ಮಾತು. ಕೈಯಲ್ಲಿ ಹಿಡಿಯುವ ಡಿಜಿಟಲ್ ರೇಡಿಯೊಗಳು ಬಂದದ್ದೇ ಬೆರಳೆಣಿಕೆಯಷ್ಟು, ಬೆಲೆಯೂ ಸಾಮಾನ್ಯ ಎಫ್‌ಎಂ ಸೆಟ್ಟಿನ ಹಲವು ಪಟ್ಟು. ಅದರ ಮೇಲೆ ಡಿಜಿಟಲ್ ರಿಸೀವರ್ ಬ್ಯಾಟರಿಯನ್ನೂ ಹೆಚ್ಚು ತಿನ್ನುತ್ತದೆ. ಪ್ರಸಾರ ಮೊದಲು ಹೊರಟಿತು, ಕೇಳುಗನನ್ನು ಯಾರೂ ವಿಚಾರಿಸಲಿಲ್ಲ. ಅದೇ ತಪ್ಪನ್ನು ಎಫ್‌ಎಂನಲ್ಲಿ ಮರುಕಳಿಸಲು ನಾವು ಬಿಡಬೇಕೆ?

ಮೊಬೈಲ್‌ನಲ್ಲಿ ಡಿಜಿಟಲ್ ರಿಸೀವರ್ ಬರುತ್ತದೆ ಎಂದು ಭರವಸೆ ಕೊಡುವವರಿದ್ದಾರೆ. ಸಾದಾ ಎಫ್‌ಎಂ ಕಥೆ ಏನಾಯಿತು? ಒಂದು ಕಾಲಕ್ಕೆ ಅಗ್ಗದ ಫೋನಿನಲ್ಲೂ ಎಫ್‌ಎಂ ಇರುತ್ತಿತ್ತು, ಇಯರ್‌ಫೋನ್ ವಯರೇ ಏರಿಯಲ್ ಆಗುತ್ತಿತ್ತು. ಸ್ಮಾರ್ಟ್‌ಫೋನ್‌ಗಳು ಬಂದಂತೆ ಅದು ಮಾಯವಾಗುತ್ತ ಹೋಯಿತು. ಕೊನೆಗೆ 2023ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಸಚಿವಾಲಯವೇ ಫೋನ್ ತಯಾರಕರಿಗೆ ಎಫ್‌ಎಂ ಸೌಲಭ್ಯವನ್ನು ಮುಚ್ಚಬೇಡಿ, ಇಲ್ಲದಿದ್ದರೆ ಸೇರಿಸಿ ಎಂದು ಸಲಹಾಪತ್ರ ಕಳಿಸಬೇಕಾಯಿತು. ಅದು ಸಲಹೆ ಮಾತ್ರ. ಇವತ್ತಿಗೂ ಎಫ್‌ಎಂ ಇಲ್ಲದ ಫೋನುಗಳು ಧಾರಾಳವಾಗಿ ಮಾರಾಟವಾಗುತ್ತಿವೆ. ದಶಕಗಳಷ್ಟು ಹಳೆಯ, ಬಿಡಿಗಾಸಿನ ಎಫ್‌ಎಂ ಚಿಪ್ಪನ್ನೇ ಕಡ್ಡಾಯ ಮಾಡಲಾಗದ ಸರಕಾರ ಹೊಸ ಚಿಪ್ಪನ್ನು ಸಲಹೆಯಿಂದ ತರಿಸುತ್ತದೆಂದು ನಾನು ನಂಬುವುದಿಲ್ಲ.

ಆ್ಯಪ್ ಇದೆಯಲ್ಲ, ರೇಡಿಯೊ ಯಾಕೆ ಎನ್ನುವ ಎಳೆಯರೂ ಇದ್ದಾರೆ. ಆಕಾಶವಾಣಿಯ ಆ್ಯಪ್‌ನಿಂದ ನಮಗೆ ಉಪಕಾರವಾಗಿದೆ ಎಂದು ಮೊದಲೇ ಒಪ್ಪುತ್ತೇನೆ. ಹಿಂದೆ ಇಲ್ಲಿಯ ಕನ್ನಡ ಮನೆಗಳಲ್ಲಿ ರಾತ್ರಿಯಾದ ಮೇಲೆ ಮೀಡಿಯಂ ವೇವ್ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ ಧಾರವಾಡವನ್ನು ಹುಡುಕುತ್ತಿದ್ದೆವು. ಕತ್ತಲಾದ ಮೇಲೆ ಮೀಡಿಯಂ ವೇವ್ ಅಲೆಗಳು ಮೇಲಿನ ವಾಯುಮಂಡಲಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಈಗ ಬೆರಳು ತಾಗಿಸಿದರೆ ಧಾರವಾಡವೂ ಮಂಗಳೂರೂ ಸ್ವಚ್ಛವಾಗಿ ಕೇಳುತ್ತವೆ. ಆದರೆ ಆ್ಯಪ್ ಕೇಳಲು ಡೇಟಾ ಬೇಕು, ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ಇವು ಮೂರೂ ಒಟ್ಟಿಗೆ ಕೈಕೊಟ್ಟ ದಿನಗಳನ್ನು ನಮ್ಮ ಊರುಗಳು ಕಂಡಿವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಲಾಸ ನದಿ ಉಕ್ಕಿ ಬದ್ಲಾಪುರ, ಕಲ್ಯಾಣದ ಕಡೆ ನೀರು ನುಗ್ಗಿತು, ಕರೆಂಟ್ ಹೋಯಿತು, ಮೊಬೈಲ್ ಸತ್ತವು. ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು? 2020ರ ಅಕ್ಟೋಬರ್ 12ರ ಬೆಳಿಗ್ಗೆ ಪಡಘಾ, ಕಳವಾ ಭಾಗದ ಹೈಟೆನ್ಷನ್ ಲೈನ್‌ಗಳು ಟ್ರಿಪ್ ಆಗಿ ಮುಂಬಯಿ, ಥಾಣೆ, ನವಿಮುಂಬಯಿ ಒಟ್ಟಿಗೆ ಕತ್ತಲಾದವು, ಲೋಕಲ್‌ಗಳು ಹಳಿಯ ಮೇಲೇ ನಿಂತವು. ಇಂಥ ಹೊತ್ತಿಗೆ ಎರಡು ಪೆನ್ಸಿಲ್ ಸೆಲ್ ಹಾಕಿದ ಪುಟ್ಟ ರೇಡಿಯೊ ವಾರಗಟ್ಟಲೆ ಮಾತಾಡುತ್ತದೆ. ಒಂದು ಟ್ರಾನ್ಸ್‌ಮಿಟರಿಗೆ ಹತ್ತು ಜನ ಕೇಳಿದರೂ ಒಂದೇ, ಒಂದು ಕೋಟಿ ಜನ ಕೇಳಿದರೂ ಒಂದೇ. ಇಂಟರ್ನೆಟ್ಟಿಗೆ ಆ ಗುಣವಿಲ್ಲ.

ಹೊರದೇಶಗಳ ಉದಾಹರಣೆ ಕೊಡುವವರು ನಾರ್ವೆಯ ಹೆಸರು ತೆಗೆಯದೆ ಬಿಡುವುದಿಲ್ಲ. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಮುಚ್ಚಿತು, ಸ್ಥಳೀಯ ರೇಡಿಯೊಗಳನ್ನು ಎಫ್‌ಎಂನಲ್ಲೇ ಉಳಿಸಿಕೊಂಡಿತು. ಆ ಇಡೀ ದೇಶದ ಆಗಿನ ಜನಸಂಖ್ಯೆ ಸುಮಾರು 53 ಲಕ್ಷ. ವಿಭಜನೆಗೆ ಮುಂಚಿನ ಥಾಣೆ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಲ್ಲಿ 1.1 ಕೋಟಿ ಜನರಿದ್ದರು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಗೆ ಎಫ್‌ಎಂ ನಿಲ್ಲಿಸಿತು. ಬೆನ್ನಿಗೇ ಕೇಳುಗರು ಕಡಿಮೆಯಾದರು, ಅನಲಾಗ್ ಉಳಿಸಿ ಎಂಬ ಕೂಗು ಸಂಸತ್ತಿನ ಒಳಗೇ ಎದ್ದಿತು. ಐರ್ಲೆಂಡಿನ ಆರ್‌ಟಿಇ 2021ರಲ್ಲಿ ತನ್ನ ಡಿಜಿಟಲ್ ಪ್ರಸಾರವನ್ನೇ ನಿಲ್ಲಿಸಿ ಎಫ್‌ಎಂ ಇಟ್ಟುಕೊಂಡಿತು. ಬ್ರಿಟನ್ನಿನಲ್ಲಿ ಡಿಜಿಟಲ್ ರೇಡಿಯೊ ಮನೆಮನೆಗೆ ತಲುಪಿದೆ, ಆದರೂ ಕನಿಷ್ಠ 2030ರವರೆಗೆ ಎಫ್‌ಎಂ ಇರಲಿ ಎಂದು ಅಲ್ಲಿಯ 2021ರ ಪರಾಮರ್ಶೆ ಹೇಳಿತು. ಅಷ್ಟು ಸಿರಿವಂತ ದೇಶಗಳೇ ಹೆಜ್ಜೆ ನೋಡಿ ಇಡುತ್ತಿರುವಾಗ ನಮಗೆ ಏನು ಅವಸರ?

ಈಗ ಆ ಮೂರು ಹೊಸ ವಾಹಿನಿಗಳ ಮಾತಿಗೆ ಬರುತ್ತೇನೆ. ಡಿಜಿಟಲ್ ನನಗೆ ಬೇಕಾಗಿರುವುದೇ ಅದಕ್ಕಾಗಿ. ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯೆಂದು 2011ರಲ್ಲಿ ಬರೆಸಿದವರು ಸುಮಾರು 10 ಲಕ್ಷ. ತುಳು, ಕೊಂಕಣಿ ಮಾತೃಭಾಷೆಯಾಗಿದ್ದು ಕನ್ನಡ ಓದುವ, ಕೇಳುವ ಕರಾವಳಿಯವರು ಆ ಲೆಕ್ಕದ ಹೊರಗೆ. ಹೋಟೆಲು, ಬ್ಯಾಂಕು, ಕಾರ್ಖಾನೆ ಎಂದು ಬಂದವರು ಮುಂಬಯಿಯಲ್ಲಿ ಬಾಡಿಗೆ ಏರಿದಂತೆ ಥಾಣೆಗೂ ಡೊಂಬಿವಲಿಗೂ ಖಾರಿಯಾಚೆಗೂ ಸರಿದರು. ಕರ್ನಾಟಕ ಸಂಘ ಕಟ್ಟಿದರು, ಕನ್ನಡ ಶಾಲೆ ನಡೆಸಿದರು, ಯಕ್ಷಗಾನ ಆಡಿಸಿದರು. ಇಷ್ಟೆಲ್ಲ ಇದ್ದೂ ಮುಂಬಯಿಯ ಎಫ್‌ಎಂ ಬ್ಯಾಂಡಿನಲ್ಲಿ ಒಂದೇ ಒಂದು ಕನ್ನಡ ವಾಹಿನಿಯಿಲ್ಲ. ಜಾಗ ದುಬಾರಿ, ಜಾಹೀರಾತು ಹಿಂದಿಗೆ ಬರುತ್ತದೆ ಎಂಬುದು ಇಷ್ಟು ದಿನದ ಕಾರಣ. ಒಂದು ಕಂಪನಾಂಕದಲ್ಲಿ ನಾಲ್ಕು ವಾಹಿನಿ ಹಿಡಿಸಿದಾಗ ಮೊದಲ ಕಾರಣ ಬಿದ್ದುಹೋಗುತ್ತದೆ. ಎರಡನೆಯದು ತಾನಾಗಿ ಬೀಳುವುದಿಲ್ಲ. ಷರತ್ತು ಹಾಕದಿದ್ದರೆ ಆ ಮೂರರಲ್ಲೂ ಅದೇ ಹಿಂದಿ ಹಾಡುಗಳು, ದಶಕದ ಪ್ರಕಾರ ವಿಂಗಡಿಸಿ, ಇಪ್ಪತ್ತನಾಲ್ಕು ಗಂಟೆ ಹರಿಯುತ್ತವೆ.

ಊರಿನ ಪ್ರಶ್ನೆಯೂ ಇಲ್ಲೇ ಇದೆ. ಅದೇ ಜನಗಣತಿಯಲ್ಲಿ ಥಾಣೆ ನಗರ 18 ಲಕ್ಷ, ಕಲ್ಯಾಣ್-ಡೊಂಬಿವಲಿ 12 ಲಕ್ಷ, ನವಿಮುಂಬಯಿ 11 ಲಕ್ಷ ದಾಟಿದ್ದವು. ಬೇರೆಡೆಯಾದರೆ ಪ್ರತಿಯೊಂದಕ್ಕೂ ತನ್ನದೇ ರೇಡಿಯೊ ಇರುತ್ತಿತ್ತು. ಇವು ಬೃಹನ್ಮುಂಬಯಿ ನಗರ ಸಮುಚ್ಚಯದೊಳಗೆ ಸೇರಿದ್ದರಿಂದ ರೇಡಿಯೊ ಲೆಕ್ಕದಲ್ಲಿ ಮುಂಬಯಿಯ ನೆರಳಾಗಿ ಉಳಿದಿವೆ. ಅಂಧೇರಿಯ ಟ್ರಾಫಿಕ್ ಜಾಮ್ ನಮಗೆ ದಿನವೂ ಕೇಳುತ್ತದೆ, ಕಲ್ಯಾಣ್-ಶಿಳ್ ರಸ್ತೆಯದು ಅಪರೂಪಕ್ಕೆ. ಅಲ್ಲದೆ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಹೇಳುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ಆ ನಿರ್ಬಂಧ ತೆಗೆಯದೆ ವಾಹಿನಿ ನಾಲ್ಕಾದರೂ ನಲವತ್ತಾದರೂ ಊರಿನ ಸುದ್ದಿ ಊರಿಗೆ ಸಿಗದು.

ಸಣ್ಣವರ ಪಾಡನ್ನೂ ಯೋಚಿಸಬೇಕು. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಸಣ್ಣ ಟ್ರಾನ್ಸ್‌ಮಿಟರಿನಲ್ಲಿ 'ಆಕಾಶವಾಣಿ' ಶುರುಮಾಡಿದರು. ಇಡೀ ದೇಶದ ರೇಡಿಯೊಗೆ ಆಮೇಲೆ ಆ ಹೆಸರೇ ಬಂತು. ಅನಲಾಗ್ ತಂತ್ರ ಸರಳವಾಗಿದ್ದರಿಂದ ಒಬ್ಬ ಮೇಷ್ಟರ ಕೈಗೂ ಅದು ಎಟುಕಿತು. ಇವತ್ತು ಮಂಗಳೂರಿನ ಸಾರಂಗ್, ರೇಡಿಯೊ ಮಣಿಪಾಲದಂಥ ಸಮುದಾಯ ಬಾನುಲಿಗಳು ನಡೆಯುತ್ತಿರುವುದೂ ಆ ಸರಳತೆಯ ಬಲದಿಂದಲೇ. ಟ್ರಾಯ್ ಸೂಚಿಸಿರುವ ಮೀಸಲು ಬೆಲೆಯ ಪ್ರಕಾರ ಮುಂಬಯಿಯಲ್ಲಿ ಒಂದು ಹೊಸ ಕಂಪನಾಂಕಕ್ಕೆ ಹರಾಜು ಶುರುವಾಗುವುದೇ ಸುಮಾರು 194 ಕೋಟಿ ರೂಪಾಯಿಯಿಂದ. ಅಷ್ಟು ಸುರಿದ ಕಂಪನಿ ಡೊಂಬಿವಲಿಯ ಕನ್ನಡಿಗನ ಮುಖ ನೋಡಿ ವಾಹಿನಿ ತೆರೆಯುವುದಿಲ್ಲ. ಸರಕಾರವೇ ಹೇಳಬೇಕು, ಹರಾಜಿಗೆ ಮುಂಚೆಯೇ ಹೇಳಬೇಕು.

ಹೇಳಬೇಕಾದದ್ದು ಹೆಚ್ಚೇನಿಲ್ಲ. ಮುಂಬಯಿಯ ಹೊಸ ಡಿಜಿಟಲ್ ವಾಹಿನಿಗಳಲ್ಲಿ ಒಂದಿಷ್ಟನ್ನು ಕನ್ನಡ, ಗುಜರಾತಿ, ತಮಿಳು, ಮಲಯಾಳಂನಂಥ ನಗರದ ಭಾಷಾ ಸಮುದಾಯಗಳಿಗೂ ಥಾಣೆ-ಕಲ್ಯಾಣ್-ನವಿಮುಂಬಯಿಯ ಸ್ಥಳೀಯ ಕಾರ್ಯಕ್ರಮಕ್ಕೂ ಷರತ್ತಾಗಿ ಮೀಸಲಿಡಲಿ. ಖಾಸಗಿಯವರು ಒಪ್ಪದಿದ್ದರೆ ಆಕಾಶವಾಣಿ ತನ್ನ ಮುಂಬಯಿ ಡಿಜಿಟಲ್ ಪ್ರಸಾರದಲ್ಲಿ ಧಾರವಾಡ ಅಥವಾ ಬೆಂಗಳೂರು ಕೇಂದ್ರವನ್ನು ಸೇರಿಸಲಿ. ಕಾರ್ಯಕ್ರಮಗಳು ಹೇಗೂ ಆ್ಯಪ್‌ನಲ್ಲಿ ಹರಿಯುತ್ತಲೇ ಇವೆ. ಫೋನ್‌ಗಳಲ್ಲಿ ರೇಡಿಯೊ ರಿಸೀವರ್ ಕಡ್ಡಾಯವಾಗಲಿ. ಕೂಲಿ ಮಾಡುವವರು ಯೋಚಿಸದೆ ಕೊಳ್ಳುವ ಬೆಲೆಗೆ ಡಿಜಿಟಲ್ ಸೆಟ್ಟು ಕಲ್ಯಾಣದ ಅಂಗಡಿಗಳಲ್ಲಿ ಸಿಗುವ ತನಕ ಅನಲಾಗ್ ಮುಚ್ಚುವ ದಿನಾಂಕದ ಮಾತೇ ಏಳದಿರಲಿ.

ಡೊಂಬಿವಲಿಯ, ವಾಶಿಯ, ಥಾಣೆಯ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ: ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳಿ, ಒಟ್ಟಾಗಿ ಒಂದು ನಿರ್ಣಯ ಮಾಡಿ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ನಮ್ಮ ಸಂಸದರಿಗೂ ಕಳಿಸಿ. ಅದರ ಒಂದು ಪ್ರತಿ ಕರ್ನಾಟಕ ಸರಕಾರಕ್ಕೂ ಹೋಗಲಿ.