ಹಡಗಿಗೆ ಹೋದವರಿಗೂ ಒಂದು ದಫ್ತರ ಬೇಕು

ನಮ್ಮ ಕರಾವಳಿಯಲ್ಲಿ ‘ಹಡಗಿಗೆ ಹೋದವರು’ ಇಲ್ಲದ ಊರಿಲ್ಲ. ಯಾವ ಹಡಗು, ಯಾವ ವರ್ಷ, ಎಲ್ಲಿಗೆ ಎಂದು ಕೇಳಿ ನೋಡಿ, ಮನೆಯವರಿಗೇ ಗೊತ್ತಿರುವುದಿಲ್ಲ. ಗೇಣುದ್ದ ಗದ್ದೆಗೂ ಪಹಣಿ ಇದೆ. ಸಮುದ್ರದಲ್ಲೇ ಆಯುಷ್ಯ ಸವೆಸಿದವರ ಹೆಸರನ್ನು ಹುಡುಕಿ ನೋಡಲು ಒಂದು ಪಟ್ಟಿಯನ್ನೂ ನಾನು ಈ ರಾಜ್ಯದಲ್ಲಿ ಕಂಡಿಲ್ಲ. ಅದು ಆಗಬೇಕು, ಮತ್ತು ಬೇಗ ಆಗಬೇಕು.

ನನ್ನ ಅಜ್ಜಿಯ ತಂದೆ ಕಾರವಾರದ ಕಡೆಯವರು. ಮುಂಬೈಯ ಧೋಬಿತಲಾವ್‌ನಲ್ಲಿ ಗೋವೆಯ ಊರುಗಳವರು ನಡೆಸುತ್ತಿದ್ದ ‘ಕೂಡ್’ಗಳಲ್ಲಿ ಚಾಪೆ, ಪೆಟ್ಟಿಗೆ ಇಟ್ಟುಕೊಂಡು ಕಾಯುವುದು, ಕರೆ ಬಂದರೆ ಬ್ರಿಟಿಷ್ ಹಡಗಿನ ಪ್ಯಾಂಟ್ರಿಯಲ್ಲಿ ಕೆಲಸ ಮಾಡುವುದು, ಮತ್ತೆ ಬಂದು ಕಾಯುವುದು. ಅವರದೊಂದು ಫೋಟೊ ಕೂಡ ಮನೆಯಲ್ಲಿಲ್ಲ. ಉಳಿದದ್ದು ಅಜ್ಜಿ ಇಟ್ಟುಕೊಂಡಿದ್ದ ಕೆಲವು ಕಾಗದ, ಡಿಸ್ಚಾರ್ಜ್ ಪುಸ್ತಕದ ಕೆಲವು ಹಾಳೆ. ಆ ಪುಸ್ತಕದಲ್ಲಿ ಹಡಗಿನ ಹೆಸರು, ಏರಿದ ದಿನ, ಇಳಿದ ದಿನ, ಪಕ್ಕದಲ್ಲಿ ‘ವೆರಿ ಗುಡ್’ ಎಂಬ ಎರಡು ಮೊಹರು: ಒಂದು ಕೆಲಸಕ್ಕೆ, ಇನ್ನೊಂದು ನಡತೆಗೆ. ಹಡಗಿನ ಹೆಸರಿನ ಅರ್ಧವನ್ನು ಗೆದ್ದಲು ತಿಂದಿತ್ತು. ಅದರ ಕೆಳಗಿನ ಆರಂಕಿಯ ಸಂಖ್ಯೆ ಮಾತ್ರ ನೆಟ್ಟಗಿತ್ತು.

ಆ ಸಂಖ್ಯೆಯೇ ದಾರಿ ತೋರಿಸಿತು. ಬ್ರಿಟನ್ನಿನಲ್ಲಿ ನೋಂದಣಿಯಾದ ಪ್ರತಿ ಹಡಗಿಗೂ 1855ರಿಂದ ಒಂದು ಅಧಿಕೃತ ಸಂಖ್ಯೆ ಕೊಡುತ್ತ ಬಂದಿದ್ದಾರೆ. ಹಡಗನ್ನು ಮಾರಿದರೂ, ಹೆಸರು ಬದಲಿಸಿದರೂ, ಆ ನೋಂದಣಿಯಲ್ಲಿ ಇರುವಷ್ಟು ಕಾಲ ಸಂಖ್ಯೆ ಬದಲಾಗದು. ಸಿಬ್ಬಂದಿ ಪಟ್ಟಿಗಳನ್ನು ಜೋಡಿಸಿಟ್ಟಿರುವುದೂ ಇದೇ ಸಂಖ್ಯೆಯ ಪ್ರಕಾರ. ಹಾಗಾಗಿ ಹುಡುಕಲು ಹೊರಡುವವರು ಮನುಷ್ಯನ ಹೆಸರಿನಿಂದ ಶುರುಮಾಡಬಾರದು, ಹಡಗಿನಿಂದ ಶುರುಮಾಡಬೇಕು.

ಆದರೆ ಪಟ್ಟಿಗಳು ಒಂದು ಕಡೆ ಇಲ್ಲ. ಇಷ್ಟು ಕಾಗದ ಇಡಲು ಜಾಗವಿಲ್ಲವೆಂದು ಬ್ರಿಟನ್ನಿನ ಪತ್ರಾಗಾರ ನೂರಕ್ಕೆ ಹತ್ತರಷ್ಟನ್ನು ಮಾದರಿಗೆಂದು ಇಟ್ಟುಕೊಂಡಿತು. ಐದರಿಂದ ಕೊನೆಗೊಳ್ಳುವ ವರ್ಷಗಳ ಪಟ್ಟಿಗಳು ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಪಾಲಾದವು. ಉಳಿದ ದೊಡ್ಡ ರಾಶಿ ನಾಶವಾಗಬೇಕಿತ್ತು. ಅದನ್ನು ಉಳಿಸಿದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯ. ಕಾರವಾರದವನೊಬ್ಬ ಮುಂಬೈಯಲ್ಲಿ ಪಟ್ಟಿಗೆ ಒತ್ತಿದ ಹೆಬ್ಬೆಟ್ಟನ್ನು ಇಂದು ಅಟ್ಲಾಂಟಿಕ್ ದಂಡೆಯ ಸೇಂಟ್ ಜಾನ್ಸ್ ಎಂಬ ಚಳಿಯೂರಿನಲ್ಲಿ ಹುಡುಕಬೇಕಾಗಬಹುದು.

ಅಲ್ಲೂ ನಮ್ಮವರು ಸುಲಭಕ್ಕೆ ಸಿಗುವುದಿಲ್ಲ. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ಲಸ್ಕರ್ ಎಂದು ಕರೆಯುತ್ತಿದ್ದ ಏಷ್ಯಾದ ನಾವಿಕರು ಸುಮಾರು 50,000 ಇದ್ದರು. ಅವರ ಸಂಬಳ ಬಿಳಿಯ ನಾವಿಕನದರ ಮೂರನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ. ಅವರನ್ನು ಸೇರಿಸಿಕೊಳ್ಳುತ್ತಿದ್ದದ್ದು ಮುಂಬೈ, ಕಲ್ಕತ್ತಗಳಲ್ಲಿ ಬರೆದ ಬೇರೆಯೇ ಒಪ್ಪಂದದ ಮೇಲೆ. ಇಂಗ್ಲಿಷ್ ಸಿಬ್ಬಂದಿಯ ಹಾಳೆ ಭದ್ರವಾಗಿ ಉಳಿದಿದ್ದರೂ ಸಾರಂಗ, ಟಿಂಡಲ್, ಭಂಡಾರಿ ಮುಂತಾದ ಲಸ್ಕರ್‌ಗಳ ಹಾಳೆ ಹಲವೆಡೆ ಅದರ ಜೊತೆಗಿಲ್ಲ. ಹೆಸರು ಬರೆದದ್ದೂ ಗುಮಾಸ್ತನ ಕಿವಿಗೆ ಕೇಳಿಸಿದಂತೆ. ಕಾರವಾರ ಇಂಗ್ಲಿಷಿನಲ್ಲಿ ‘ಸಿ’ಯಿಂದಲೂ ಶುರುವಾಗುತ್ತದೆ, ‘ಕೆ’ಯಿಂದಲೂ. ಹೊನ್ನಾವರ ‘ಓನೋರ್’ ಆಗಿರುತ್ತದೆ. ಕ್ರೈಸ್ತ ಹೆಸರು ಕಂಡರೆ ಊರು ಗೋವಾ ಎಂದು ಬರೆದುಬಿಡುವುದೂ ಉಂಟು. ನಮ್ಮ ಮುತ್ತಜ್ಜನಿಗೆ ಹಾಗೇ ಆಗಿತ್ತು.

ಅವರು ಕಡೆಗೆ ಸಿಕ್ಕಿದ್ದು ಅಮೆರಿಕದ ಕಾಗದದಲ್ಲಿ. 1917ರ ವಲಸೆ ಕಾನೂನಿನ ನಂತರ ಅಲ್ಲಿನ ಬಂದರಿಗೆ ಬಂದ ವಿದೇಶಿ ನಾವಿಕರ ವಿವರವನ್ನು ಕ್ಯಾಪ್ಟನ್ ಬರೆದುಕೊಡಬೇಕಿತ್ತು. ನ್ಯೂಯಾರ್ಕಿನ ಆ ಪಟ್ಟಿಗಳನ್ನು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ದುಡ್ಡು ಕೊಡದೆ ನೋಡಬಹುದು. ಟೈಪ್ ಮಾಡಿದ ಒಂದೇ ಸಾಲು: ಹೆಸರು, ಸಮುದ್ರದಲ್ಲಿ ಕಳೆದ ವರ್ಷಗಳು, ಸೇರಿದ ಬಂದರು ಮುಂಬೈ, ಜನಾಂಗ ‘ಈಸ್ಟ್ ಇಂಡಿಯನ್’, ಎತ್ತರ 5 ಅಡಿ 3 ಅಂಗುಲ, ತೂಕ 118 ಪೌಂಡು, ಎಡಹುಬ್ಬಿನ ಮೇಲೆ ಗಾಯದ ಗುರುತು. ಓದಲು ಬರುತ್ತದೆಯೇ ಎಂಬ ಅಂಕಣದಲ್ಲಿ ‘ಇಲ್ಲ’. ಅಜ್ಜಿ ಜೋಪಾನ ಮಾಡಿ ಇಟ್ಟುಕೊಂಡಿದ್ದ ಅಪ್ಪನ ಕಾಗದಗಳನ್ನು ಹಾಗಾದರೆ ಕೂಡ್‌ನ ಯಾರೋ ಬರೆದುಕೊಟ್ಟಿರಬೇಕು. ಹುಬ್ಬಿನ ಗಾಯ ಹಡಗಿನಲ್ಲಿ ಆದದ್ದೋ, ಊರಲ್ಲಿ ಮರ ಹತ್ತುವಾಗ ಆದದ್ದೋ ಹೇಳುವವರು ಯಾರೂ ಈಗ ಬದುಕಿಲ್ಲ. ಆದರೂ ಆ ಸಾಲನ್ನು ಓದಿದ ಮೇಲೆ ಅವರಿಗೊಂದು ಮುಖ ಬಂತು. ನಮ್ಮ ಮನೆಯ ಚಿಕ್ಕ ಮಕ್ಕಳೂ ಈಗ ಅವರ ಬಗ್ಗೆ ಕೇಳುತ್ತಾರೆ.

ಇದು ನಮ್ಮ ಮನೆಯ ಕಥೆಯಾಗಿ ಮುಗಿಯಬಾರದು. ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಎರಡು ಮಹಾಯುದ್ಧಗಳಲ್ಲಿ ಸಮುದ್ರಪಾಲಾದ ವ್ಯಾಪಾರಿ ನಾವಿಕರ ಹೆಸರಿದೆ. ನಮ್ಮವರ ಹೆಸರು ಇರುವುದು ಬೇರೆಡೆ. ಮೊದಲ ಯುದ್ಧದ 2,000ಕ್ಕೂ ಹೆಚ್ಚು ನಾವಿಕರ ಸ್ಮಾರಕ ಮುಂಬೈಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿದೆ. ಎರಡನೆಯ ಯುದ್ಧದ ಸುಮಾರು 6,500 ಹೆಸರುಗಳ ಪುಸ್ತಕದ ಒಂದು ಪ್ರತಿ ಅಲ್ಲಿದೆ, ಇನ್ನೊಂದು ಚಿತ್ತಗಾಂಗ್‌ನಲ್ಲಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಈ ಹೆಸರುಗಳನ್ನು ಹುಡುಕಬಹುದು. ಇವರಲ್ಲಿ ನಮ್ಮ ಕರಾವಳಿಯವರು ಯಾರು ಯಾರು ಎಂದು ಗುರುತಿಸಿ ಕನ್ನಡದಲ್ಲಿ ಒಂದು ಪಟ್ಟಿ ಮಾಡುವುದು ಆಗದ ಕೆಲಸವೇ?

ಆಗುತ್ತದೆ ಎನ್ನಲು ಉದಾಹರಣೆ ಇದೆ. 1915ರ ಸುಮಾರು 39,000 ಸಿಬ್ಬಂದಿ ಪಟ್ಟಿಗಳನ್ನು ಗ್ರೀನಿಚ್‌ನವರು ಸ್ವಯಂಸೇವಕರ ಕೈಯಲ್ಲಿ ಬರೆಸಿ ಎಲ್ಲರಿಗೂ ತೆರೆದಿಟ್ಟರು. ನಮ್ಮಲ್ಲಿ ಕೆಲಸ ಇನ್ನಷ್ಟು ತೊಡಕಿನದು. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ಒಂದೇ ಕರಾವಳಿಯ ಕಡತ ಮುಂಬೈಯಲ್ಲೂ ಚೆನ್ನೈಯಲ್ಲೂ ಹಂಚಿಹೋಗಿದೆ. ನನ್ನಂಥ ಒಬ್ಬರು ಹೋಗಿ ಕೇಳಿದರೆ, ಹಳೆಯದು ಯಾವುದೂ ಇಲ್ಲ ಎಂದು ಕಿಟಕಿಯಲ್ಲೇ ಹೇಳಿ ಕಳಿಸುತ್ತಾರೆ. ನನಗೆ ಒಂದು ಕಚೇರಿಯಲ್ಲಿ ಹಾಗೇ ಆಯಿತು. ಸರ್ಕಾರ ಕೇಳಿದರೆ ಉತ್ತರ ಬೇರೆಯಿರುತ್ತದೆ. ರಾಜ್ಯ ಪತ್ರಾಗಾರ ಇಲಾಖೆ ಮುಂಬೈ, ಚೆನ್ನೈ ಪತ್ರಾಗಾರಗಳ ಜೊತೆ ಮಾತಾಡಿ ಕರಾವಳಿ ನಾವಿಕರ ಕಡತಗಳ ಪ್ರತಿ ತರಿಸಬೇಕು. ಕರಾವಳಿಯ ಕಾಲೇಜುಗಳ ಇತಿಹಾಸ ವಿಭಾಗಗಳು ಮನೆಮನೆಯ ಪೆಟ್ಟಿಗೆಗಳನ್ನು ಬಿಚ್ಚಿಸಬೇಕು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗದು.

ಕಡತ ಬರುವಾಗ ಬರಲಿ, ಮನೆಯ ಪೆಟ್ಟಿಗೆ ಕಾಯುವುದಿಲ್ಲ. ನಮ್ಮಲ್ಲಿ ಮಳೆಗಾಲದ ಥಂಡಿಗೆ ಕಾಗದ ಬಾಳುವುದು ಕಷ್ಟ. ನಿಮ್ಮ ಮನೆಯಿಂದ ಯಾರಾದರೂ ಹಡಗಿಗೆ ಹೋಗಿದ್ದರೆ ಈ ವಾರವೇ ಅಟ್ಟ ಹತ್ತಿ ಹುಡುಕಿ. ಡಿಸ್ಚಾರ್ಜ್ ಪುಸ್ತಕ, ಹಳೆಯ ಪಾಸ್‌ಪೋರ್ಟ್, ಹಡಗಿನ ಚಿತ್ರವಿರುವ ಪೋಸ್ಟ್‌ಕಾರ್ಡ್, ಏನೇ ಸಿಕ್ಕರೂ ಫೋನಿನಲ್ಲಿ ಹಾಳೆ ಹಾಳೆಯಾಗಿ ಫೋಟೊ ತೆಗೆದಿಡಿ. ಮೊದಲು ಹಡಗಿನ ಸಂಖ್ಯೆಯಿರುವ ಹಾಳೆಯನ್ನು ತೆಗೆಯಿರಿ.