ಮನೆಯ ಲೆಕ್ಕ, ಮನೆಯ ಅರಿವು

ವಸತಿ ನೀತಿಯ ಸಂಶೋಧನೆಗೆ ಸರ್ಕಾರ ಅನುದಾನ ಕೊಟ್ಟರೆ, ಕಲ್ಲು ಸಿಮೆಂಟಿಗೆ ಸಲ್ಲಬೇಕಾದ ಹಣ ಕಾಗದದ ಪಾಲಾಯಿತೆಂದು ಗೊಣಗುವವರಿದ್ದಾರೆ. ಸೂರಿಲ್ಲದವರು ಆಡಿದಾಗ ಆ ಮಾತನ್ನು ತಳ್ಳಿಹಾಕಲಾಗದು. ಆದರೆ ಕಾಗದದ ಕೆಲಸ ಮೊದಲೇ ಆಗದಿದ್ದಲ್ಲಿ ಗೋಡೆಯ ಕೆಲಸ ಎಷ್ಟು ತುಟ್ಟಿಯಾಗುವುದೆಂಬುದಕ್ಕೆ ನಮ್ಮ ರಾಜ್ಯದ ಲಕ್ಷಂವೀಡು ಕಾಲನಿಗಳೇ ಸಾಕ್ಷಿ.

1972ರಲ್ಲಿ ಕೇರಳ ಸರ್ಕಾರವು ಸಚಿವ ಎಂ. ಎನ್. ಗೋವಿಂದನ್ ನಾಯರ್ ಅವರ ಮುಂದಾಳ್ತನದಲ್ಲಿ ಭೂಮಿಯಿಲ್ಲದ ಕೃಷಿಕಾರ್ಮಿಕರಿಗೆ ಒಂದು ಲಕ್ಷ ಮನೆ ಕಟ್ಟಿಸಲು ಹೊರಟಿತು. ಅಷ್ಟು ದೊಡ್ಡ ಸಂಕಲ್ಪ ಅಂದು ದೇಶದಲ್ಲಿ ವಿರಳವಾಗಿತ್ತು. ಅದರ ಹಿರಿಮೆಯನ್ನು ಕುಗ್ಗಿಸುವ ಇಚ್ಛೆ ನನಗಿಲ್ಲ. ಆದರೆ ಅನೇಕ ಕಡೆ ಎರಡು ಮನೆಗಳ ನಡುವೆ ಒಂದೇ ಗೋಡೆ. ಮಕ್ಕಳು ಬೆಳೆದು ಕೋಣೆ ಸಾಲದಾದಾಗ, ಮಾಡು ಸೋರಿ ಹೊಸದಾಗಿ ಕಟ್ಟಬೇಕಾದಾಗ, ಒಬ್ಬರು ಕೈಹಾಕಿದರೆ ಇನ್ನೊಬ್ಬರ ಮನೆ ಅಲುಗುತ್ತದೆ. ಕೊನೆಗೆ ಈ ಜೋಡಿಮನೆಗಳನ್ನು ಒಂಟಿಮನೆಗಳಾಗಿಸಲು ಸರ್ಕಾರವೇ ಮತ್ತೆ ಹಣ ತೆಗೆದಿರಿಸಬೇಕಾಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ಈ ಸೂರಿನಡಿ ಎಷ್ಟು ಮಂದಿ ಇರುವರೆಂದು ಮೊದಲೇ ವಿಚಾರಿಸಲು ತಗಲುತ್ತಿದ್ದ ವೆಚ್ಚ ಇದರ ಮುಂದೆ ಏನು ಮಹಾ!

ಇಂದಿನ ಯೋಜನೆಗಳ ಮೊತ್ತ ಏರಿದೆ. ಇಂದಿರಾ ಆವಾಸ್‌ನಲ್ಲಿ ಕನಿಷ್ಠ 20 ಚದರ ಮೀಟರಿದ್ದ ಮನೆ ಪ್ರಧಾನಮಂತ್ರಿ ಗ್ರಾಮೀಣ ಆವಾಸ್‌ನಲ್ಲಿ 25 ಆಯಿತು. ಕೇರಳದ ಲೈಫ್ ಮಿಷನ್ ಮನೆಯೊಂದಕ್ಕೆ 4 ಲಕ್ಷ ರೂಪಾಯಿ ಕೊಡುತ್ತದೆ. ಇವೆಲ್ಲ ಎಣಿಕೆಗೆ ಸಿಗುವ ಸಂಗತಿಗಳು. ಯೋಜನೆ ನಡೆಸುವ ಇಲಾಖೆಯೇ ಅಧ್ಯಯನಕ್ಕೂ ಹಣ ಕೊಟ್ಟಾಗ ಸಂಶೋಧಕರೂ ಎಣಿಕೆಯಲ್ಲೇ ನಿಂತುಬಿಡುವ ಅಪಾಯವುಂಟು. ಅಡಕೆ ಒಣಗಿಸಲು ಅಂಗಳವಿದೆಯೆ? ಬೀಡಿ ಕಟ್ಟುವ ಹೆಂಗಸಿಗೆ ಬೆಳಕಿರುವ ಜಗಲಿ ಉಳಿಯಿತೆ? ಬುಟ್ಟಿ ಹೆಣೆಯುವ ಕೊರಗರು ಬಳ್ಳಿ ಸೀಳಲು ಎಲ್ಲಿ ಕೂರಬೇಕು? ಇವರಿಗೆ ಮನೆಯೆಂದರೆ ದುಡಿಮೆಯ ತಾಣವೂ ಹೌದು.

ಇಂಥ ಪ್ರಶ್ನೆಗಳನ್ನು ಮನೆಯವರ ಮಾತಿನಲ್ಲೇ ಕೇಳಬೇಕು. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಪ್ರಶ್ನಾವಳಿಯನ್ನು ಗಡಿಯ ಹಳ್ಳಿಗೆ ಒಯ್ದರೆ, ಕನ್ನಡ ತುಳು ಆಡುವ ಅಜ್ಜಿ ತಲೆಯಾಡಿಸಿದ್ದೇ ‘ಹೌದು’ ಎಂದು ದಾಖಲಾಗುತ್ತದೆ. ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ 1969ರಿಂದಲೂ ಇದೆ. ಅದರ ಅನುದಾನವು ಅರ್ಥಶಾಸ್ತ್ರ ವಿಭಾಗದವರ ಸೊತ್ತೆಂದು ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ದೂರವೇ ನಿಲ್ಲುತ್ತಾರೆ. ಚಾವಡಿಗೂ ಜಗಲಿಗೂ ಇರುವ ಅಂತರವನ್ನು ಬಲ್ಲವರು ಆ ತಂಡದಲ್ಲಿರಬೇಡವೆ?

ಗಡಿನಾಡಿನ ವಸತಿ ಅಧ್ಯಯನಕ್ಕೆ ಕೊಡುವ ಪ್ರತಿ ಅನುದಾನದಲ್ಲೂ ಸ್ಥಳೀಯ ಭಾಷೆಯ ಕ್ಷೇತ್ರಕಾರ್ಯಕ್ಕೆ ಪ್ರತ್ಯೇಕ ಮೊತ್ತವಿರಬೇಕು. ವರದಿಯ ಕನ್ನಡ ಪ್ರತಿಯೊಂದು ಆಯಾ ಪಂಚಾಯತಿಗೆ ತಲುಪದ ಹೊರತು ಕೊನೆಯ ಕಂತು ಬಿಡುಗಡೆಯಾಗಕೂಡದು.