ಖಾತೆಯ ಅಕಾರಾದಿಯನ್ನು ಯಂತ್ರಕ್ಕೇ ಬಿಡಬಹುದೇ?

ದಾವಣಗೆರೆಯ ಹಳೆಯ ಮಂಡಿಗಳಲ್ಲಿ ಕಿರ್ದಿ ಬರೆದು ಖಾತೆಗೆ ಏರಿಸುತ್ತಿದ್ದ ಗುಮಾಸ್ತರು ಖಾತೆ ಪುಸ್ತಕದ ಮೊದಲ ಪುಟಗಳನ್ನು ಅಕಾರಾದಿ ಸೂಚಿಗೆಂದು ಮೀಸಲಿಡುತ್ತಿದ್ದರು. ಒಬ್ಬನೇ ಗಿರಾಕಿ ಊರಿನ ಹೆಸರಿನಿಂದಲೂ ಮನೆತನದ ಹೆಸರಿನಿಂದಲೂ ಪರಿಚಿತನಾಗಿದ್ದರೆ, ಜಾಣ ಗುಮಾಸ್ತನು ಎರಡೂ ಕಡೆ ಅದೇ ಪುಟಸಂಖ್ಯೆಯನ್ನು ನಮೂದಿಸುತ್ತಿದ್ದನು. ಇಂದು ಆ ಕೆಲಸವನ್ನು ಗಣಕಯಂತ್ರವೇ ಮಾಡಿಬಿಡುತ್ತದೆಂಬ ನಂಬಿಕೆ ವರ್ತಕರಲ್ಲಿ ಬೇರೂರಿದೆ. ಈ ನಂಬಿಕೆ ಅರ್ಧ ಮಾತ್ರ ಸರಿ.

ತಂತ್ರಾಂಶವು ಅಕ್ಷರಗಳನ್ನು ಹೋಲಿಸುತ್ತದೆಯೇ ಹೊರತು ಆಸಾಮಿಯನ್ನು ಗುರುತಿಸುವುದಿಲ್ಲ. ಇಂಗ್ಲಿಷಿನಲ್ಲಿ ದಾವಣಗೆರೆಯನ್ನೇ ಎರಡು ಬಗೆಯಾಗಿ ಬರೆಯುವ ರೂಢಿಯಿದೆ. ಹರಿಹರದ ಕೊನೆಯ 'ಎ' ಅಕ್ಷರವನ್ನು ಕೆಲವರು ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಬಸವರಾಜ, ಮಲ್ಲಿಕಾರ್ಜುನ ಮುಂತಾದ ಹೆಸರುಗಳ ಪಾಡಂತೂ ಹೇಳತೀರದು. ನೋಂದಾಯಿತ ವರ್ತಕರ ಮಟ್ಟಿಗೆ 15 ಅಂಕಿ-ಅಕ್ಷರಗಳ ಜಿ.ಎಸ್.ಟಿ. ಸಂಖ್ಯೆಯು ಈ ಗೊಂದಲವನ್ನು ನೀಗಿಸಿದೆ. ನೋಂದಣಿಯಿಲ್ಲದ ರೈತರಿಗೆ, ಲೇತ್ ಕೆಲಸದ ಸಣ್ಣ ಶೆಡ್ಡುಗಳವರಿಗೆ ಅಂಥ ಸಂಖ್ಯೆಯಿಲ್ಲ.

ಹರಿಹರದ ಸಣ್ಣ ಕೈಗಾರಿಕೆಗಳಿಗೆ ಇದು ಬರಿಯ ಅಚ್ಚುಕಟ್ಟುತನದ ಪ್ರಶ್ನೆಯಲ್ಲ. ಜಾಬ್ ವರ್ಕಿಗೆಂದು ಚಲನ್ ಮೇಲೆ ಕಳುಹಿಸಿದ ಕಚ್ಚಾ ಸಾಮಗ್ರಿಯು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಅಥವಾ ಅಲ್ಲಿಂದಲೇ ವಿಲೇವಾರಿಯಾಗದಿದ್ದರೆ, ಜಿ.ಎಸ್.ಟಿ. ಕಾಯ್ದೆಯ 143ನೇ ಕಲಮಿನಂತೆ ಅದು ಕಳುಹಿಸಿದ ದಿನವೇ ಪೂರೈಕೆಯಾದಂತೆ ಪರಿಗಣಿತವಾಗುತ್ತದೆ. ತೆರಿಗೆಯ ಜೊತೆಗೆ ಬಡ್ಡಿಯೂ ತಲೆಯ ಮೇಲೆ ಬೀಳುತ್ತದೆ. ಮಾಲು ವಾಸ್ತವವಾಗಿ ಬಂದಿರುತ್ತದೆ. ಆದರೆ ಹೋಗುವಾಗ 'ಕಾಸ್ಟಿಂಗ್' ಎಂದೂ ಬರುವಾಗ 'ಪುಲ್ಲಿ' ಎಂದೂ ಬರೆದಿದ್ದರೆ ಲೆಕ್ಕದ ತಂತ್ರಾಂಶವು ಆ ಎರಡನ್ನು ತಾನಾಗಿ ಜೋಡಿಸದು. ಸ್ಕ್ಯಾನ್ ಮಾಡಿಟ್ಟರೂ ಯಂತ್ರವು ಕೈಬರಹದ ಕನ್ನಡ ಚೀಟಿಯನ್ನು ತಪ್ಪಿಲ್ಲದೆ ಓದೀತೆಂದು ನಂಬಿ ಕೂರುವಂತಿಲ್ಲ. ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಅಷ್ಟರಲ್ಲಿ ಚಲನ್ ಬರೆದ ಹುಡುಗನು ಬೇರೆ ಅಂಗಡಿ ಸೇರಿರುತ್ತಾನೆ.

1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟ್ಯಾಲಿ ತಂತ್ರಾಂಶದಲ್ಲಿ ಪ್ರತಿ ಖಾತೆಗೂ ಪ್ರತಿ ಸರಕಿಗೂ 'ಏಲಿಯಾಸ್' ಎಂಬ ಅಂಕಣವಿದೆ. ಹಳೆಯ ಗುಮಾಸ್ತನ ಎರಡನೆಯ ನಮೂದೇ ಅದು! ಅಲ್ಲಿ ರೂಢಿಯ ಹೆಸರನ್ನು ತುಂಬಿದರೆ ಹುಡುಕುವ ಕೆಲಸವನ್ನು ಯಂತ್ರವು ನಿಮಿಷದಲ್ಲಿ ಮಾಡುತ್ತದೆ. ಆದರೆ ಅದನ್ನು ಖಾಲಿ ಬಿಡುವುದೇ ವಾಡಿಕೆಯಾಗಿದೆ. ಯಾವ ಹೆಸರು ಯಾರದೆಂಬುದು ಹೊಸದಾಗಿ ಬಂದ ಆಪರೇಟರನಿಗೆ ತಿಳಿಯದು, ಯಜಮಾನರಿಗೆ ತಿಳಿದಿರುತ್ತದೆ. ಆದುದರಿಂದ ಹೊಸ ಖಾತೆ ತೆರೆಯುವ ಅಧಿಕಾರವು ಯಜಮಾನರಲ್ಲಿ ಅಥವಾ ಹಿರಿಯ ಗುಮಾಸ್ತರಲ್ಲಿಯೇ ಉಳಿಯತಕ್ಕದ್ದು. ಮಾಲು ಹಿಂದಿರುಗಿದಾಗ ಮೂಲ ಚಲನಿನ ಸಂಖ್ಯೆಯನ್ನು ಕಡ್ಡಾಯವಾಗಿ ಬರೆಸಬೇಕು. ಮಾರ್ಚ್ ಅಂತ್ಯಕ್ಕೆ ಕಾಯದೆ ತಿಂಗಳಿಗೊಮ್ಮೆ ಬಾಕಿ ಚಲನುಗಳ ಪಟ್ಟಿ ತೆಗೆದು ಶೆಡ್ಡಿನವರ ಪುಸ್ತಕದೊಡನೆ ತಾಳೆ ನೋಡಿದರೆ, ವರ್ಷದ ಗಡುವು ಮುಗಿಯುವ ಮುನ್ನವೇ ಮಾಲು ಎಲ್ಲಿದೆಯೆಂಬುದು ತಿಳಿಯುತ್ತದೆ.